ತಟ್ಟಿ ನೋಡಿ, ಕೇಳಿ ತಿಳಿಯಿರಿ: ಮನೆಯಲ್ಲೇ ಮಾಡಬಹುದಾದ ಹಲಗೆ ಸ್ಪೀಕರ್

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಈ ಸಭಾಂಗಣದ ಎಡ ಬಲ ಗೋಡೆಗಳ ಮುಂದೆ ದಾರದಲ್ಲಿ ತೂಗುತ್ತಿರುವ ಎರಡು ಹಲಗೆಗಳನ್ನು ನೀವು ನೋಡಿರಬಹುದು. ಸಮಾರಂಭದ ಅಲಂಕಾರಕ್ಕೆ ಕಟ್ಟಿದ್ದಾರೆ ಎಂದು ಕೆಲವರು ತಿಳಿದಿರಲೂಬಹುದು. ಪಕ್ಕದ ಸಾಲುಗಳಲ್ಲಿ ಕುಳಿತವರಿಗೆ ಈಗ ನನ್ನ ಮಾತು ಕೇಳಿಸುತ್ತಿರುವುದು ಆ ಹಲಗೆಗಳಿಂದಲೇ. ಅವುಗಳಲ್ಲಿ ಡಬ್ಬಿ ಇಲ್ಲ, ಕಾಗದದ ಕೋನ್ ಇಲ್ಲ. ಇರುವುದು ಥರ್ಮೊಕೋಲ್, ಕಂದು ಕಾಗದ, ಫೆವಿಕಾಲ್ ಮತ್ತು ಹಿಂಬದಿಯಲ್ಲಿ ಅಂಟಿಸಿದ ಒಂದು ಪುಟ್ಟ ಯಂತ್ರ. ಇವತ್ತು ನಾನು ಹೇಳಬೇಕೆಂದಿರುವುದು ಆ ಹಲಗೆಯ ಕಥೆಯನ್ನು. ಅದರ ಜೊತೆಗೆ ನನ್ನದೇ ಒಂದು ತಪ್ಪಿನ ಕಥೆಯನ್ನೂ ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದೆ ಇದೇ ಸಭಾಂಗಣದಲ್ಲಿ ಪರೀಕ್ಷಾ ತಯಾರಿಯ ತರಗತಿ ನಡೆಸುತ್ತಿದ್ದೆ. ಮುಂದೆ ಎರಡು ದೊಡ್ಡ ಪೆಟ್ಟಿಗೆ ಸ್ಪೀಕರ್‌ಗಳಿದ್ದವು. ಎಡಬದಿಯ ಕೊನೆಯ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನೀವು ಮಾತಾಡುತ್ತಿರುವುದು ಕೇಳಿಸುತ್ತದೆ, ಏನು ಮಾತಾಡುತ್ತಿದ್ದೀರಿ ಎಂಬುದು ಕೇಳಿಸುವುದಿಲ್ಲ” ಎಂದಳು. ಎಲ್ಲರೂ ನಕ್ಕರು. ನಾನು ವಾಲ್ಯೂಮ್ ಏರಿಸಿದೆ. ಸದ್ದು ಹೆಚ್ಚಾಯಿತೇ ಹೊರತು ಮಾತು ತಿಳಿಯಾಗಲಿಲ್ಲ. ಆ ದಿನ ಮನೆಗೆ ಹೋದ ಮೇಲೂ ಅವಳ ಮಾತು ನನ್ನನ್ನು ಬಿಡಲಿಲ್ಲ. ಪಾಠ ಕೇಳಿಸದ ಜಾಗದಲ್ಲಿ ಮಕ್ಕಳನ್ನು ಕೂರಿಸಿ, ಆಮೇಲೆ ಅಂಕ ಏಕೆ ಬರಲಿಲ್ಲ ಎಂದು ಕೇಳುವುದು ಯಾವ ನ್ಯಾಯ?

ಅವಳು ಹೇಳಿದ್ದರಲ್ಲಿ ಭೌತಶಾಸ್ತ್ರವೇ ಇತ್ತು. ನಮ್ಮ ಮಾತಿನಲ್ಲಿ ಸ್ವರಗಳ ಶಕ್ತಿ ಕೆಳಗಿನ ಕಂಪನಾಂಕಗಳಲ್ಲಿರುತ್ತದೆ. ಹಾಲು, ಸಾಲು, ಪಾಲು, ಕಾಲು ಎಂಬ ಪದಗಳನ್ನು ಒಂದರಿಂದ ಒಂದು ಬೇರೆ ಮಾಡುವ ವ್ಯಂಜನಗಳ ಗುರುತು ಬಹುಮಟ್ಟಿಗೆ 2000 ಹರ್ಟ್ಸ್ ಮತ್ತು ಅದರ ಮೇಲಿರುತ್ತದೆ. ದೊಡ್ಡ ಕೋನ್ ಇರುವ ಸ್ಪೀಕರ್ ಕೆಳಗಿನ ಸ್ವರಗಳನ್ನು ಎಲ್ಲ ಕಡೆಗೂ ಹರಡುತ್ತದೆ, ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಎಸೆಯುತ್ತದೆ. ಎದುರಿಗೆ ಕುಳಿತವರಿಗೆ ಮಾತು ಸಿಗುತ್ತದೆ. ಬದಿಯಲ್ಲಿ ಕುಳಿತವರ ಪಾಲಿಗೆ ಉಳಿಯುವುದು ಗೊಣಗಾಟ.

ಹಲಗೆ ಹೇಗೆ ಮಾತಾಡುತ್ತದೆ?

ಸಾಮಾನ್ಯ ಸ್ಪೀಕರ್‌ನಲ್ಲಿ ಇಡೀ ಕೋನ್ ಒಂದೇ ತುಂಡಾಗಿ ಮುಂದೆ ಹಿಂದೆ ಸರಿದು ಗಾಳಿಯನ್ನು ತಳ್ಳುತ್ತದೆ. ಹಲಗೆ ಸ್ಪೀಕರ್‌ನ ರೀತಿಯೇ ಬೇರೆ. ಅದರ ಹಿಂದೆ ಎಕ್ಸೈಟರ್ ಎಂಬ ಸಾಧನವನ್ನು ಅಂಟಿಸುತ್ತೇವೆ. ಕೋನ್ ತೆಗೆದುಹಾಕಿದ ಸ್ಪೀಕರ್ ಎಂದುಕೊಳ್ಳಿ. ಒಳಗೆ ಅಯಸ್ಕಾಂತ ಮತ್ತು ಸುರುಳಿ ಎರಡೂ ಇರುತ್ತವೆ. ಸುರುಳಿ ಹಲಗೆಯ ಒಂದು ಬಿಂದುವನ್ನು ನಡುಗಿಸುತ್ತದೆ. ಆ ನಡುಕ ಕೆರೆಯ ನೀರಿಗೆ ಬಿದ್ದ ಕಲ್ಲಿನ ಅಲೆಯಂತೆ ಹಲಗೆಯಲ್ಲಿ ಹರಡಿ, ಅಂಚಿಗೆ ತಾಗಿ ಹಿಂದಿರುಗಿ, ಒಂದರ ಮೇಲೊಂದು ಬೀಳುತ್ತದೆ. ಇವು ಬಾಗು ಅಲೆಗಳು. ಹಲಗೆಯ ಒಂದೊಂದು ಭಾಗ ಒಂದೊಂದು ಕಡೆಗೆ ಬಾಗುವುದರಿಂದ ಧ್ವನಿ ಒಂದೇ ದಿಕ್ಕಿಗೆ ಹೋಗದೆ ಅಗಲವಾಗಿ ಹರಡುತ್ತದೆ. ನಮ್ಮ ಪಕ್ಕದ ಬೆಂಚಿನ ಮಕ್ಕಳಿಗೆ ಬೇಕಾಗಿದ್ದುದು ಇದೇ.

ಈ ಅಲೆಗಳನ್ನು ಕಣ್ಣಿಗೆ ಕಾಣಿಸಿದವನು ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ. ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಪಿಟೀಲಿನ ಕಮಾನನ್ನು ಅಂಚಿಗೆ ಎಳೆದಾಗ ಮರಳು ಸುಂದರವಾದ ಗೆರೆಗಳಲ್ಲಿ ಕೂಡಿಕೊಳ್ಳುವುದನ್ನು ಅವನು 1787ರಲ್ಲಿ ಪ್ರಕಟಿಸಿದ. ಅಲುಗದ ಜಾಗಗಳಲ್ಲಿ ಮರಳು ನಿಲ್ಲುತ್ತದೆ, ಅಲುಗುವ ಜಾಗಗಳಿಂದ ಜಿಗಿದು ಹೋಗುತ್ತದೆ. 1809ರಲ್ಲಿ ನೆಪೋಲಿಯನ್ ಇದನ್ನು ನೋಡಿ ಬೆರಗಾದ. ಇದರ ಗಣಿತವನ್ನು ವಿವರಿಸುವವರಿಗೆ ಪ್ಯಾರಿಸ್‌ನಲ್ಲಿ ಬಹುಮಾನ ಘೋಷಣೆಯಾಯಿತು.

ವಿದ್ಯಾರ್ಥಿನಿಯರು ಇದನ್ನು ಗಮನವಿಟ್ಟು ಕೇಳಬೇಕು. ಆ ಬಹುಮಾನವನ್ನು ಗೆದ್ದವಳು ಸೋಫಿ ಜರ್ಮೇನ್ ಎಂಬ ಮಹಿಳೆ. 1794ರಲ್ಲಿ ಪ್ಯಾರಿಸ್‌ನಲ್ಲಿ ಹೊಸ ತಾಂತ್ರಿಕ ವಿದ್ಯಾಲಯ ತೆರೆದಾಗ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವಳು ಉಪನ್ಯಾಸಗಳ ಟಿಪ್ಪಣಿಗಳನ್ನು ಹೇಗೋ ಸಂಪಾದಿಸಿ ಓದಿದಳು. ಲೆಬ್ಲಾಂಕ್ ಎಂಬ ಗಂಡಸಿನ ಹೆಸರಿನಲ್ಲಿ ಗಣಿತಜ್ಞ ಲಗ್ರಾಂಜ್‌ಗೆ ತನ್ನ ಬರಹ ಕಳಿಸಿದಳು. ತಗಡಿನ ಸಮಸ್ಯೆಗೆ 1811ರಲ್ಲಿ ಉತ್ತರ ಕಳಿಸಿದವಳು ಅವಳೊಬ್ಬಳೇ, ಆದರೆ ಅದರಲ್ಲಿ ತಪ್ಪಿತ್ತು. 1813ರಲ್ಲಿ ಮತ್ತೆ ಕಳಿಸಿದಳು, ಮೆಚ್ಚುಗೆ ಮಾತ್ರ ದೊರೆಯಿತು. ಮೂರನೆಯ ಸಲ, 1816ರಲ್ಲಿ, ಬಹುಮಾನ ಅವಳದಾಯಿತು. ತಗಡು ಹೇಗೆ ಬಾಗಿ ನಡುಗುತ್ತದೆ ಎಂಬ ಶಾಸ್ತ್ರಕ್ಕೆ ಮೊದಲ ಕಲ್ಲು ಇಟ್ಟದ್ದು, ತಪ್ಪಿದರೂ ಬಿಡದೆ ತಿದ್ದಿ ತಿದ್ದಿ ಬರೆದ ಆ ಕೈ.

ನಮ್ಮ ನಾಡಿಗೂ ಈ ಶಾಸ್ತ್ರಕ್ಕೂ ನಂಟಿದೆ. ಬೆಂಗಳೂರಿಗೆ ಬಂದ ಮೇಲೆ ಸರ್ ಸಿ.ವಿ. ರಾಮನ್ ಅವರು ಮೃದಂಗ, ತಬಲಗಳ ಬಗ್ಗೆ 1934ರಲ್ಲಿ ಲೇಖನ ಪ್ರಕಟಿಸಿದರು. ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರದಿಂದಲೇ ಅದರ ಸ್ವರಗಳು ಒಂದಕ್ಕೊಂದು ಹೊಂದುತ್ತವೆ ಎಂದು ತೋರಿಸಿದರು. ಎಲ್ಲಿ ಎಷ್ಟು ತೂಕ ಇಡುತ್ತೀರಿ ಎಂಬುದು ಧ್ವನಿಯನ್ನೇ ಬದಲಿಸುತ್ತದೆ ಎಂಬ ಪಾಠ ಅದು. ಮೃದಂಗಕ್ಕೆ ಹೊಂದಿಕೊಂಡ ಸ್ವರಗಳು ಬೇಕು. ಹಲಗೆ ಸ್ಪೀಕರ್‌ಗೆ ಬೇಕಾದದ್ದು ಇದಕ್ಕೆ ವಿರುದ್ಧ: ಅದರ ಅನುನಾದಗಳು ಒಂದೇ ಕಡೆ ಗುಂಪುಗೂಡದೆ ಸಮವಾಗಿ ಚೆದುರಿರಬೇಕು. ಹಾಗಿದ್ದರೆ ಮಾತ್ರ ಅದು ತನ್ನ ಹಾಡು ಹಾಡದೆ ನಿಮ್ಮ ಮಾತನ್ನು ಆಡುತ್ತದೆ.

ಇಂದಿನ ಹಲಗೆ ಸ್ಪೀಕರ್‌ನ ಹುಟ್ಟು ಬ್ರಿಟನ್ನಿನಲ್ಲಿ. 1990ರ ದಶಕದ ಮೊದಲಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಕೆನ್ ಹೆರಾನ್ ಎಂಬುವರು ವಿಮಾನಗಳಲ್ಲಿ ಸದ್ದು ತಡೆಯುವ ಹಗುರ ಜೇನುಗೂಡು ಹಲಗೆಗಳನ್ನು ಪರೀಕ್ಷಿಸುತ್ತಿದ್ದರು. ಅವು ಸದ್ದು ತಡೆಯುವ ಬದಲು ಚೆನ್ನಾಗಿ ಸದ್ದು ಮಾಡುತ್ತವೆ ಎಂಬುದು ಅವರಿಗೆ ಕಂಡಿತು. ಒಂದು ಕೆಲಸಕ್ಕೆ ಸೋತ ವಸ್ತು ಇನ್ನೊಂದು ಕೆಲಸಕ್ಕೆ ಗೆದ್ದಿತು. ಮುಂದೆ ಎನ್‌ಎಕ್ಸ್‌ಟಿ ಎಂಬ ಕಂಪನಿ ಇದನ್ನು ಬೆಳೆಸಿತು. 2017ರಲ್ಲಿ ಸೋನಿ ಕಂಪನಿ ಪರದೆಯೇ ಕಂಪಿಸಿ ಮಾತಾಡುವ ಟಿವಿಯನ್ನು ಮಾರುಕಟ್ಟೆಗೆ ತಂದಿತು.

ನನ್ನ ತಪ್ಪು

ಇಷ್ಟೆಲ್ಲ ಓದಿಕೊಂಡು ನಾನು ಎಂಟು ಹತ್ತು ವಿದ್ಯಾರ್ಥಿಗಳನ್ನು ಕೂಡಿಸಿ ಹಲಗೆ ಮಾಡಲು ಹೊರಟೆ. ಮೇಷ್ಟ್ರ ಠೀವಿಯಲ್ಲಿ ತೀರ್ಪು ಕೊಟ್ಟೆ: ಪ್ಲೈವುಡ್ಡೇ ಉತ್ತಮ, ಎಕ್ಸೈಟರ್ ಸರಿಯಾಗಿ ನಡುವೆ ಇರಬೇಕು, ನಾಲ್ಕೂ ಅಂಚಿಗೆ ಮರದ ಪಟ್ಟಿ ಬಡಿದು ಸ್ಕ್ರೂ ಹಾಕಬೇಕು. ಹಾಗೆಯೇ ಮಾಡಿದೆವು. ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಂತಿತ್ತು ಅದರ ಧ್ವನಿ.

ಆ ಹೊತ್ತಿಗೆ ಒಬ್ಬ ಹುಡುಗ ಸಂಘದ ಆಂಪ್ಲಿಫೈಯರ್ ರಿಪೇರಿ ಮಾಡಿ ತಂದುಕೊಡಲು ಬಂದಿದ್ದ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗಿ ಓದು ಬಿಟ್ಟು ಟಿವಿ ರಿಪೇರಿ ಅಂಗಡಿ ಸೇರಿದವನು. ನಮ್ಮ ಹಲಗೆಯನ್ನು ಬೆರಳ ಗೆಣ್ಣಿನಿಂದ ನಡುವೆ ಒಮ್ಮೆ, ಬದಿಗೆ ಒಮ್ಮೆ ತಟ್ಟಿದ. “ಸರ್, ನಡುವೆ ಒಂದೇ ದನಿ ಬರುತ್ತದೆ, ಇಲ್ಲಿ ತಟ್ಟಿದರೆ ಹತ್ತು ದನಿ ಬರುತ್ತದೆ. ಅಲ್ಲದೆ ನಾಲ್ಕೂ ಕಡೆ ಕಟ್ಟಿಹಾಕಿದರೆ ಅದು ಹೇಗೆ ಅಲುಗೀತು?” ಎಂದ.

ಅವನ ಮಾತು ಸರಿಯಾಗಿತ್ತು. ಹಲಗೆಯ ಬಹುಪಾಲು ಕಂಪನ ವಿನ್ಯಾಸಗಳಲ್ಲಿ ಅಲುಗದ ಗೆರೆ ನಟ್ಟನಡುವೆಯೇ ಹಾದುಹೋಗುತ್ತದೆ. ಅಲುಗದ ಜಾಗದಲ್ಲಿ ತಳ್ಳಿದರೆ ಆ ವಿನ್ಯಾಸ ಏಳುವುದೇ ಇಲ್ಲ. ಉಳಿದ ಕೆಲವೇ ಅನುನಾದಗಳು ಅತಿಯಾಗಿ ಕೂಗುತ್ತವೆ. ಪುಸ್ತಕದಲ್ಲಿದ್ದ ಈ ಸಂಗತಿ ನನಗೆ ಹೊಳೆಯಲಿಲ್ಲ, ಅವನ ಬೆರಳಿಗೆ ಹೊಳೆಯಿತು.

ಯಾವ ವಸ್ತು ಆರಿಸಬೇಕು?

ಒಳ್ಳೆಯ ಹಲಗೆಗೆ ಎರಡು ಗುಣ ಬೇಕು: ತೂಕ ಕಡಿಮೆ ಇರಬೇಕು, ಪೆಡಸು ಹೆಚ್ಚಿರಬೇಕು. ಇದರೊಡನೆ ನಡುಕವನ್ನು ತಕ್ಕಮಟ್ಟಿಗೆ ಆರಿಸುವ ಗುಣವೂ ಇರಬೇಕು. ಅದು ಪೂರ್ತಿ ಇಲ್ಲದಿದ್ದರೆ ಹಲಗೆ ಗಂಟೆಯಂತೆ ಗುಂಯ್‌ಗುಡುತ್ತದೆ, ಅತಿಯಾದರೆ ಕಂಬಳಿಯಂತೆ ಸತ್ತು ಮಲಗುತ್ತದೆ.

ಮೊದಲು ತೂಕ ನೋಡೋಣ. 60 ಸೆಂಟಿಮೀಟರ್ ಉದ್ದ, 53 ಸೆಂಟಿಮೀಟರ್ ಅಗಲದ ಹಲಗೆಯನ್ನು ತೆಗೆದುಕೊಳ್ಳಿ. 4 ಮಿಲಿಮೀಟರ್ ಗಾಜಾದರೆ ಅದರ ತೂಕ ಸುಮಾರು 3 ಕಿಲೋ 200 ಗ್ರಾಂ. 3 ಮಿಲಿಮೀಟರ್ ಅಕ್ರಿಲಿಕ್ ಆದರೆ ಸುಮಾರು 1 ಕಿಲೋ 100 ಗ್ರಾಂ. ಅಷ್ಟೇ ದಪ್ಪದ ಪ್ಲೈವುಡ್ ಸುಮಾರು 570 ಗ್ರಾಂ. 25 ಮಿಲಿಮೀಟರ್ ದಪ್ಪದ ಗಟ್ಟಿ ಥರ್ಮೊಕೋಲ್ ಸುಮಾರು 160 ಗ್ರಾಂ ಮಾತ್ರ. ಅದೇ ಪುಟ್ಟ ಎಕ್ಸೈಟರ್ ಇವುಗಳಲ್ಲಿ ಯಾವುದನ್ನು ಸುಲಭವಾಗಿ ಅಲುಗಿಸೀತು ಎಂದು ನೀವೇ ಹೇಳಿ. ಗಾಜೂ ಮಾತಾಡುತ್ತದೆ, ಆದರೆ ಅದಕ್ಕೆ ಬಲವಾದ ಎಕ್ಸೈಟರ್ ಬೇಕು, ಧ್ವನಿಯೂ ಮೆಲ್ಲಗೆ.

ಇನ್ನು ಪೆಡಸು. ಒಂದೇ ವಸ್ತುವಿನ ದಪ್ಪವನ್ನು ಎರಡರಷ್ಟು ಮಾಡಿದರೆ ತೂಕ ಎರಡರಷ್ಟಾಗುತ್ತದೆ, ಆದರೆ ಬಾಗದಿರುವ ಶಕ್ತಿ ಎಂಟರಷ್ಟಾಗುತ್ತದೆ. ತೆಳುವಾದ ಗಟ್ಟಿ ವಸ್ತುವಿಗಿಂತ ದಪ್ಪವಾದ ಹಗುರ ವಸ್ತು ಗೆಲ್ಲುವುದರ ಗುಟ್ಟು ಇದು. ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಸ್ಯಾಂಡ್‌ವಿಚ್ ಹಲಗೆ: ನಡುವೆ ಹಗುರವಾದ ತಿರುಳು, ಎರಡೂ ಬದಿಗೆ ಎಳೆತ ತಡೆಯುವ ತೆಳು ಚರ್ಮ. ವಿಮಾನದ ನೆಲಹಾಸಿನಲ್ಲೂ ನಿಮ್ಮ ಮನೆಯ ರಟ್ಟಿನ ಪೆಟ್ಟಿಗೆಯಲ್ಲೂ ಇರುವುದು ಇದೇ ತತ್ವ.

ಊರಿನ ಅಂಗಡಿಗಳಲ್ಲಿ ಸಿಗುವ ವಸ್ತುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಥರ್ಮೊಕೋಲ್: ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ಪ್ಯಾಕಿಂಗ್ ತುಂಡು ಬೇಡ. ಕಾಳುಗಳು ಒತ್ತಾಗಿ ಕೂಡಿರುವ ಗಟ್ಟಿ ಹಾಳೆಯನ್ನು ಕೇಳಿ ತನ್ನಿ. ಮರಳು ಕಾಗದದಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿ, ನೀರು ಬೆರೆಸಿದ ಫೆವಿಕಾಲನ್ನು ತೆಳುವಾಗಿ ಬಳಿಯಿರಿ. ಬೇಕೆನಿಸಿದರೆ ಎರಡೂ ಬದಿಗೆ ತೆಳು ಕಂದು ಕಾಗದ ಅಂಟಿಸಿ. ಒಂದೇ ಬದಿಗೆ ಹಚ್ಚಿದರೆ ಒಣಗುವಾಗ ಹಲಗೆ ಸೊಟ್ಟಗಾಗುತ್ತದೆ.

ಚಾವಣಿಯ ಶಾಖ ತಡೆಯಲು ಬಳಸುವ ಬಣ್ಣದ ಫೋಮ್ ಹಲಗೆ: ಎಕ್ಸ್‌ಪಿಎಸ್ ಎಂದು ಕರೆಯುತ್ತಾರೆ. ಇದರಲ್ಲಿ ಕಾಳುಗಳಿಲ್ಲ, ಮೈ ಒಂದೇ ಸಮ. ಥರ್ಮೊಕೋಲ್‌ಗಿಂತ ಕೊಂಚ ಭಾರ, ಹೆಚ್ಚು ಗಟ್ಟಿ. ಕೈಗೆ ಸಿಕ್ಕರೆ ಬಿಡಬೇಡಿ.

ರಟ್ಟು: ಬಿಟ್ಟಿ ಸಿಗುತ್ತದೆ, ಹಗುರವೂ ಹೌದು. ಆದರೆ ಒಳಗಿನ ಅಲೆಗಳ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆತ್ತಗೆ. ಎರಡು ಹಾಳೆಗಳನ್ನು ಒಂದರ ಅಲೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿದರೆ ಈ ದೋಷ ತಗ್ಗುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಮೆತ್ತಗಾಗುತ್ತದೆ ಎಂಬುದು ನೆನಪಿರಲಿ.

ಜಾಹೀರಾತು ಫಲಕದ ಪ್ಲಾಸ್ಟಿಕ್ ಹಾಳೆ: ಇದಕ್ಕೂ ರಟ್ಟಿನಂತೆ ಉದ್ದ ಅಡ್ಡದ ಭೇದವಿದೆ. ಪ್ಲಾಸ್ಟಿಕ್ ನಡುಕವನ್ನು ಬೇಗ ಆರಿಸುವುದರಿಂದ ಧ್ವನಿ ಕೊಂಚ ಮಂಕು. ಆದರೆ ನೀರಿಗೆ ಜಗ್ಗದು.

ಪ್ಲೈವುಡ್: 3 ಮಿಲಿಮೀಟರ್‌ಗಿಂತ ದಪ್ಪ ಬೇಡ. ಧ್ವನಿಗೆ ಮರದ ಹದವಿರುತ್ತದೆ, ಸದ್ದಿನ ಪ್ರಮಾಣ ಕಡಿಮೆ. ಅದರ ನುಣುಪು ಮೈ ಕ್ಲಾಡ್ನಿಯ ಪ್ರಯೋಗಕ್ಕೆ ಬಹಳ ಅನುಕೂಲ.

ಮಾಡುವ ಬಗೆ

ಹಲಗೆ ಚೌಕವಾಗಿರಬಾರದು. ಚೌಕದಲ್ಲಿ ಉದ್ದದ ಅನುನಾದವೂ ಅಗಲದ ಅನುನಾದವೂ ಒಂದೇ ಕಡೆ ಬೀಳುತ್ತವೆ. 1ಕ್ಕೆ 1.134ರ ಅನುಪಾತ ಒಳ್ಳೆಯದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. 60ಕ್ಕೆ 53 ಎಂದು ನಾನು ಹೇಳಿದ್ದು ಅದಕ್ಕೇ. ಎಕ್ಸೈಟರ್ ಅನ್ನು ನಡುವೆ ಇಡದೆ ಉದ್ದದ ಮತ್ತು ಅಗಲದ ಐದರಲ್ಲಿ ಎರಡು ಪಾಲಿನಲ್ಲಿ, ಅಂದರೆ ಒಂದು ಅಂಚಿನಿಂದ 24, ಇನ್ನೊಂದರಿಂದ 21 ಸೆಂಟಿಮೀಟರ್ ದೂರದಲ್ಲಿ, ಇಟ್ಟು ಆರಂಭಿಸಿ. ಮೊದಲು ಎರಡು ಬದಿಯ ಅಂಟು ಟೇಪಿನಿಂದ ತಾತ್ಕಾಲಿಕವಾಗಿ ಹಚ್ಚಿ, ಅತ್ತ ಇತ್ತ ಸರಿಸಿ ಕೇಳಿ, ಆಮೇಲೆ ಗಟ್ಟಿಯಾಗಿ ಅಂಟಿಸಿ.

ರಬ್ಬರ್ ಅಂಟು, ಪೆಟ್ರೋಲ್ ವಾಸನೆಯ ಅಂಟು, ತಟ್ಟನೆ ಹಿಡಿಯುವ ಅಂಟು ಇವು ಥರ್ಮೊಕೋಲನ್ನು ಕರಗಿಸಿಬಿಡುತ್ತವೆ. ಬಿಳಿ ಅಂಟು ಅಥವಾ ಎಪಾಕ್ಸಿ ಸಾಕು. ಮೇಲಿನ ಎರಡು ಮೂಲೆಗಳಿಗೆ ದಾರ ಕಟ್ಟಿ ಅಂಚುಗಳೆಲ್ಲ ಬಿಡುವಾಗಿರುವಂತೆ ತೂಗುಹಾಕಿ, ಇಲ್ಲವೇ ಚೌಕಟ್ಟಿನಲ್ಲಿ ಮೆತ್ತನೆಯ ಸ್ಪಂಜಿನ ಮೇಲೆ ಕೂರಿಸಿ. ಎಕ್ಸೈಟರ್ ಭಾರವಾಗಿದ್ದರೆ ಹಿಂದಿನಿಂದ ಒಂದು ಮರದ ಪಟ್ಟಿಯ ಆಸರೆ ಕೊಡಿ. ಇಲ್ಲದಿದ್ದರೆ ಕಾಲಕ್ರಮದಲ್ಲಿ ಜೋತುಬೀಳುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣಿಗಿಂತ ಹೆಚ್ಚು ಅಂತರವಿರಲಿ. ವೈರು ಹಲಗೆಗೆ ಬಡಿದು ಗರಗರ ಎನ್ನದಂತೆ ಟೇಪು ಹಚ್ಚಿ.

ಮನೆಯ ಪ್ರಯೋಗಕ್ಕೆ ಮೊಬೈಲ್ ಚಾರ್ಜರ್‌ನ 5 ವೋಲ್ಟಿನಲ್ಲಿ ನಡೆಯುವ ಪಿಎಎಂ8403 ಎಂಬ ಅಂಗೈಗಿಂತ ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ಸಾಕು. ಅದರ ಎರಡು ಚಾನೆಲ್‌ಗಳ ಮೈನಸ್ ವೈರುಗಳನ್ನು ಒಂದಕ್ಕೊಂದು ಸೇರಿಸಬೇಡಿ, ಬೋರ್ಡ್ ಸುಟ್ಟುಹೋದೀತು. 8 ಓಮ್ ಎಕ್ಸೈಟರ್‌ಗೆ 100 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರನ್ನು ಸರಣಿಯಲ್ಲಿ ಹಾಕಿದರೆ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಹೊರೆ ತಗ್ಗಿ ಸುರುಳಿ ಉಳಿಯುತ್ತದೆ. ಥರ್ಮೊಕೋಲ್ ಬೆಂಕಿ ಹೊತ್ತಿಕೊಳ್ಳುವ ವಸ್ತು. ಎಕ್ಸೈಟರ್ ಕೈಗೆ ಬಿಸಿ ತಟ್ಟಿದರೆ ತಕ್ಷಣ ನಿಲ್ಲಿಸಿ.

ಕೇಳಿಸಿದ್ದನ್ನೇ ಬರೆಯಿರಿ

ಹಲಗೆಗಳು ತಯಾರಾದವು. ಯಾವುದು ಉತ್ತಮ? ಕಣ್ಣಿಗೆ ಚೆಂದ ಕಂಡದ್ದು ಕಿವಿಗೂ ಚೆಂದ ಎನಿಸುತ್ತದೆ. ಮನಸ್ಸಿನ ಮೋಸ ಇದು. ಆದ್ದರಿಂದ ಹಲಗೆಗಳ ಮುಂದೆ ತೆಳು ಬಟ್ಟೆಯ ಪರದೆ ಕಟ್ಟಿದೆವು. ಹಾಲು, ಸಾಲು, ಪಾಲು, ಕಾಲು, ತಲೆ, ಕಲೆ, ಶಿಲೆ, ಬೆಲೆ ಮುಂತಾದ ಪದಗಳನ್ನು ಒಬ್ಬರ ಧ್ವನಿಯಲ್ಲಿ ಮುದ್ರಿಸಿ, ಒಂದೇ ಮಟ್ಟದ ಸದ್ದಿನಲ್ಲಿ ನುಡಿಸಿದೆವು. ಪಕ್ಕದ ಸಾಲುಗಳಲ್ಲಿ ಕುಳಿತವರು ಕೇಳಿಸಿದ್ದನ್ನು ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ: ವಸ್ತು ಬದಲಿಸಿದರೆ ಜಾಗ ಬದಲಿಸುವಂತಿಲ್ಲ, ಜಾಗ ಬದಲಿಸಿದರೆ ಅಂಟು ಬದಲಿಸುವಂತಿಲ್ಲ.

ದಾಖಲೆ ಪುಸ್ತಕ ಹಿಡಿದವಳು ಮೊದಲ ದಿನ ಎದ್ದು ಪ್ರಶ್ನೆ ಕೇಳಿದ ಅದೇ ವಿದ್ಯಾರ್ಥಿನಿ. ಅಷ್ಟು ಹೊತ್ತಿಗೆ ನಾನು ನನ್ನ ಪ್ಲೈವುಡ್ ಹಲಗೆಯ ಸ್ಕ್ರೂ ಬಿಚ್ಚಿ, ಎಕ್ಸೈಟರ್ ಜಾಗ ಬದಲಿಸಿ, ಪಾಲಿಶ್ ಹಚ್ಚಿ, ಈ ಸಲ ಇದೇ ಗೆಲ್ಲುತ್ತದೆ ಎಂದು ಎಲ್ಲರ ಎದುರು ಹೇಳಿಯಾಗಿತ್ತು. ಲೆಕ್ಕ ಮುಗಿದ ಮೇಲೆ ಅವಳು ಪುಸ್ತಕ ತಂದು ತಗ್ಗಿದ ದನಿಯಲ್ಲಿ, “ಸರ್, ನಿಮ್ಮ ಹಲಗೆಯಲ್ಲೇ ತಪ್ಪು ಹೆಚ್ಚು ಬಂದಿದೆ. ಹೀಗೇ ಬರೆಯಲೋ, ತಿದ್ದಲೋ?” ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಿಲ್ಲ. ನನ್ನ ಕಾಲೇಜು ದಿನಗಳು ನೆನಪಾದವು. ಪ್ರಯೋಗಾಲಯದ ಬಾಗಿಲಿಗೆ ವರ್ಷವಿಡೀ ಬೀಗ. ಪರೀಕ್ಷೆಗೆ ವಾರವಿದ್ದಾಗ ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಿದ್ದೆ. ಗುರುತ್ವ ವೇಗೋತ್ಕರ್ಷ ಕರಾರುವಾಕ್ಕಾಗಿ 9.8. ನನ್ನ ಲೋಲಕ ಒಮ್ಮೆಯೂ ತಪ್ಪಲಿಲ್ಲ, ಏಕೆಂದರೆ ಅದು ಒಮ್ಮೆಯೂ ತೂಗಲಿಲ್ಲ. ಆ ಪುಟಕ್ಕೆ ನನಗೆ ಪೂರ್ಣ ಅಂಕ ಬಂದಿತ್ತು. ಅದೇ ಸುಳ್ಳನ್ನು ಈ ಮಗುವಿನ ಕೈಯಿಂದ ಬರೆಸಲೇ? “ಹೀಗೇ ಇರಲಮ್ಮ, ಕೇಳಿಸಿದ್ದನ್ನೇ ಬರೆ” ಎಂದೆ. ಇವತ್ತು ಗೋಡೆಯ ಮುಂದೆ ತೂಗುತ್ತಿರುವುದು ಆ ಪುಸ್ತಕದಲ್ಲಿ ಗೆದ್ದ ಥರ್ಮೊಕೋಲ್ ಹಲಗೆ. ನನ್ನ ಪ್ಲೈವುಡ್ ಹಲಗೆ ಮಕ್ಕಳಿಗೆ ಉಪ್ಪು ಉದುರಿಸಿ ಕ್ಲಾಡ್ನಿಯ ಗೆರೆ ತೋರಿಸಲು ಉಪಯೋಗವಾಗುತ್ತಿದೆ.

ಹಲಗೆ ಸ್ಪೀಕರ್‌ಗೂ ಮಿತಿಗಳಿವೆ, ಮುಚ್ಚಿಡಬಾರದು. ಕೆಳಗಿನ ಸ್ವರಗಳಲ್ಲಿ ಅದರ ಮುಂಬದಿಯ ಅಲೆ ಹಿಂಬದಿಯ ಅಲೆಯನ್ನು ಅಳಿಸಿಹಾಕುವುದರಿಂದ ಗಂಭೀರ ನಾದ ಬಾರದು. ಅದಕ್ಕೆ ಪೆಟ್ಟಿಗೆ ಸ್ಪೀಕರೇ ಬೇಕು. ಈ ಸಭಾಂಗಣದ ಮಾರ್ದನಿಯೂ ಹಲಗೆಯಿಂದ ಹೋಗಿಲ್ಲ. ಅದಕ್ಕೆ ಬರಿಗೋಡೆಗಳ ಮೇಲೆ ದಪ್ಪ ಪರದೆ ಬೇಕು. ಆ ಖರ್ಚಿನ ಬಗ್ಗೆ ಪದಾಧಿಕಾರಿಗಳು ಆಲೋಚಿಸಬೇಕೆಂದು ಇದೇ ಸಂದರ್ಭದಲ್ಲಿ ವಿನಂತಿಸುತ್ತೇನೆ.

ಇನ್ನೊಂದು ವಿನಂತಿಯೂ ಇದೆ. ಬೆರಳಿನಿಂದ ತಟ್ಟಿ ನನ್ನ ತಪ್ಪು ತೋರಿಸಿದ ಆ ಹುಡುಗ ಇಂದು ಈ ಸಭೆಯಲ್ಲಿಲ್ಲ. ಅವನಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ನಿನ್ನೆ ರಾತ್ರಿ ಹನ್ನೊಂದರವರೆಗೆ ಇಲ್ಲಿ ನಿಂತು ಈ ಹಲಗೆಗಳಿಗೆ ವೈರು ಎಳೆದವನು ಅವನೇ. ನಾವು ಪ್ರತಿಭಾ ಪುರಸ್ಕಾರವನ್ನು ಅಂಕಪಟ್ಟಿ ನೋಡಿ ಕೊಡುತ್ತೇವೆ, ಕೊಡಬೇಕಾದದ್ದೇ. ಆದರೆ ಅಂಕಪಟ್ಟಿಯಲ್ಲಿ ಕಾಣದ ಕೈಗಳೂ ನಮ್ಮ ಮೊಹಲ್ಲಾಗಳಲ್ಲಿವೆ. ಸಂಘದ ಕೊಠಡಿಯೊಂದನ್ನು ಭಾನುವಾರಗಳಲ್ಲಿ ತೆರೆದಿಟ್ಟು, ಓದುವವರೂ ಓದು ಬಿಟ್ಟವರೂ ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡುವಂತೆ ಮಾಡಿದರೆ, ಓದುವವರಿಗೆ ಕೈ ಬರುತ್ತದೆ, ಓದು ಬಿಟ್ಟವರಿಗೆ ಪುಸ್ತಕ ಮರಳಿ ಬರುತ್ತದೆ.

ವಿದ್ಯಾರ್ಥಿಗಳೇ, ಮನೆಗೆ ಹೋದ ಮೇಲೆ ಒಂದು ರಟ್ಟು, ಒಂದು ಥರ್ಮೊಕೋಲ್ ತುಂಡು, ಒಂದು ಪ್ಲೈವುಡ್ ಚೂರು ಹುಡುಕಿ. ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ನಡುವೆ ತಟ್ಟಿ, ಬದಿಗೆ ತಟ್ಟಿ. ಏನು ಕೇಳಿಸಿತೋ ಅದನ್ನೇ ಒಂದು ಪುಸ್ತಕದಲ್ಲಿ ಬರೆದಿಡಿ. ಮೇಷ್ಟ್ರು ಹೇಳಿದ್ದಕ್ಕೆ ಅದು ವಿರುದ್ಧವಾಗಿದ್ದರೆ ಹೆದರಬೇಡಿ, ಇನ್ನೊಮ್ಮೆ ತಟ್ಟಿ ನೋಡಿ. ಆಗಲೂ ಹಾಗೆಯೇ ಕೇಳಿಸಿದರೆ ಆ ಪುಸ್ತಕವನ್ನು ಮೇಷ್ಟ್ರ ಮುಂದೆ ತಂದಿಡಿ.